ಆಯಿಯ ಖರೇ ವಯಸ್ಸು

"ರೊಟ್ಟಿ ತಟ್ಟಿದ್ರ ನಟ್ಟ ನಡುವ ತೂತ ಕಾಣ್ತೈತ್ರಿ ಬಾಯಾರ. ಕೈಲೆ ಮುಟ್ಟಿ ನೋಡಿದ್ರ ತೂತ ಇರಂಗಿಲ್ಲ."

ಮೋರಟಗಿ ಕಡೆಯ ಆ ಅಜ್ಜಿ, ನಮ್ಮ ಕಡೆಯ ಮಾತಿನಲ್ಲಿ ಆಯಿ, ನನ್ನ ಮುಂದಿನ ಸ್ಟೂಲಿನ ಮೇಲೆ ಕುಳಿತು ಹೀಗೆ ಹೇಳಿದಾಗ, ನಾನು ಅರ್ಧ ಕುಡಿದ ಚಹಾವನ್ನು ಪಕ್ಕಕ್ಕಿಟ್ಟೆ. ಕಣ್ಣು ಮಂಜಾಗಿದೆ, ನೀರು ಸೋರುತ್ತದೆ, ಚಸ್ಮಾ ಬೇಕು ಅನ್ನುವವರು ದಿನಕ್ಕೆ ಎಷ್ಟೋ ಜನ ಬರುತ್ತಾರೆ. ರೊಟ್ಟಿಯ ನಡುವೆ ತೂತು ಕಾಣುತ್ತದೆ ಅಂದವರು ಬಂದರೆ ಮಾತ್ರ ಉಳಿದವರನ್ನು ಕಾಯಲು ಹೇಳಿ ಅವರನ್ನೇ ಮೊದಲು ನೋಡುತ್ತೇನೆ.

"ಎಂದಿಲಿಂದ ಹಿಂಗ?"

"ಪಂಚಮಿ ಮುಂದ ಸುರು ಆತ್ರಿ. ಮೊದ್ಲ ರೊಟ್ಟಿಗೆ ಬಡೀತು, ಈಗ ಮಂದಿ ಮಾರಿಗೂ ಬಡದೈತಿ. ನಿಮ್ಮ ಕಿವ್ಯಾನ ಬೆಂಡೋಲಿ ಕಾಣ್ತಾವ, ಮೂಗ ಕಾಣವಲ್ದು."

ನಾನು ತಾಲೂಕು ಆಸ್ಪತ್ರೆಯೊಂದರ ನೇತ್ರಾಧಿಕಾರಿ. ಹೆಸರು ದೊಡ್ಡದು, ಆದರೆ ನಾನು ಡಾಕ್ಟರಲ್ಲ. ಕಣ್ಣು ಪರೀಕ್ಷಿಸುತ್ತೇನೆ, ಚಸ್ಮಾದ ನಂಬರ್ ಬರೆಯುತ್ತೇನೆ, ಒಳಗೆ ಏನಾಗಿದೆ ಎಂದು ನೋಡಿ, ನಮ್ಮಲ್ಲಿ ಆಗುವುದನ್ನು ಇಲ್ಲೇ ಮಾಡಿಸಿ, ಆಗದ್ದನ್ನು ತಜ್ಞರ ಕಡೆ ಕಳಿಸುತ್ತೇನೆ. ಸಿಂದಗಿ ಸೀಮೆಯ ಜನಕ್ಕೆ ನಾನು 'ಕಣ್ಣಿನ ಬಾಯಾರು'. ನಾನು ಹುಟ್ಟಿದ್ದು ಬಸವನ ಬಾಗೇವಾಡಿ. ನಮ್ಮೂರ ಕಡೆಯವರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಸಹೋದ್ಯೋಗಿಗಳು ಛೇಡಿಸುತ್ತಾರೆ. ಊರಿನದೆಲ್ಲ ಗೊತ್ತಿಲ್ಲ, ನನ್ನ ಮಟ್ಟಿಗೆ ಅದು ನಿಜ.

ಆಯಿಯ ಹಿಂದೆ ಅವಳ ಯಜಮಾನರು ನಿಂತಿದ್ದರು. ತಲೆಗೆ ಪಟಗಾ, ಬಿಳಿ ಧೋತರ, ಹುರಿ ಮಾಡಿದ ಮೀಸೆ. ಕರೆದುಕೊಂಡು ಬಂದದ್ದು ಹೆಂಡತಿಯನ್ನು, ಹೊಗಳಿಕೊಳ್ಳುತ್ತಿದ್ದದ್ದು ತಮ್ಮ ಕಣ್ಣನ್ನು.

"ನನಗ ಚಸ್ಮಾ ಇಲ್ರಿ ಬಾಯಾರ. ಬಸ್ಸು ಊರ ಅಗಸಿ ಬಾಗಲ್ದಾಗ ಇದ್ದಾಗನ ಅದರ ಬೋರ್ಡ್ ಓದ್ತೇನಿ. ಅಕಿ ನನಗಿಂತ ಸಣ್ಣಾಕಿ, ಆದ್ರ ಕಣ್ಣ ಮೊದ್ಲ ಮುದುಕ್ಯಾಗ್ಯಾವ ನೋಡ್ರಿ."

ಆಯಿ ತಲೆ ತಗ್ಗಿಸಿ ಸೆರಗು ಸರಿಪಡಿಸಿಕೊಂಡಳು. ಅದರ ಅರ್ಥ ನನಗೆ ಆಗ ಆಗಲಿಲ್ಲ.

ಆಯಿಗೆ ಅಕ್ಷರ ಬಾರದು. ಹಾಗಾಗಿ ಮೂರು ಕಡ್ಡಿಯ ಗುರುತಿನ ಚಾರ್ಟ್ ಹಾಕಿದೆ. ಆ ಗುರುತು ಯಾವ ಕಡೆ ಬಾಯಿ ತೆರೆದಿದೆ ಎಂದು ಕೈ ಮಾಡಿ ತೋರಿಸಬೇಕು. ಎರಡನೇ ಸಾಲಿಗೇ ಆಯಿಯ ಕೈ ಗಾಳಿಯಲ್ಲಿ ತಡವರಿಸಿತು. ಸಣ್ಣ ತೂತಿನ ತಟ್ಟೆಯನ್ನು ಕಣ್ಣಿನ ಮುಂದೆ ಹಿಡಿದೆ. ಚಸ್ಮಾದಿಂದ ಸರಿಹೋಗುವ ಕಣ್ಣಾದರೆ ಅದರಲ್ಲಿ ಸ್ವಲ್ಪ ಸ್ವಚ್ಛ ಕಾಣಬೇಕು. ಕಾಣಲಿಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿ ಕೂರಿಸಿ, ಕತ್ತಲೆ ಕೋಣೆಯಲ್ಲಿ ದೀಪದ ಉಪಕರಣ ಹಿಡಿದು ಒಳಗೆ ನೋಡಿದೆ. ಕಣ್ಣಿನ ಪರದೆಯ ತುಂಬ ಹಳದಿ ಕಲೆಗಳು, ಅಲ್ಲಲ್ಲಿ ರಕ್ತದ ಚುಕ್ಕೆ, ನಟ್ಟನಡುವೆ, ಮುಖ ಗುರುತಿಸುವ ಜಾಗದಲ್ಲೇ, ನೀರು ತುಂಬಿ ಬಾವು. ಸಕ್ಕರೆ ಕಾಯಿಲೆಯ ಕೆಲಸ.

"ಆಯಿಗೆ ಸಕ್ಕರಿ ಎಷ್ಟ್ ವರ್ಷಾತ್ರಿ ಅಜ್ಜಾರ?"

"ಕಾರ್ಖಾನಿಗೆ ಕಬ್ಬ ಹಾಕಾಕತ್ತಾಗಿಂದ್ರಿ," ಎಂದು ಅಜ್ಜ ತಾವೇ ನಕ್ಕರು.

ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಆಗಿದ್ದರೆ ಎಷ್ಟು ಛಲೋ ಇತ್ತು ಅನ್ನಿಸಿತು. ಮೋತಿಬಿಂದು ಎಲ್ಲರಿಗೂ ಪುಕ್ಕಟೆ, ನಮ್ಮಲ್ಲೇ ತೆಗೆಸಬಹುದು. ಇದಕ್ಕೆ ಬೇಕಿದ್ದದ್ದು ಕಣ್ಣಿನ ಪರದೆಯ ತಜ್ಞರು. ಅವರು ಇರುವುದು ವಿಜಯಪುರದಲ್ಲಿ. ಕಣ್ಣಿನೊಳಗೇ ಇಂಜೆಕ್ಷನ್ ಕೊಡುತ್ತಾರೆ, ತಿಂಗಳಿಗೊಂದರಂತೆ, ಅದು ಎಲ್ಲಿಗೆ ನಿಲ್ಲುತ್ತದೆ ಎಂದು ಮೊದಲೇ ಯಾರೂ ಹೇಳಲಾರರು. ಬೇಗ ಶುರು ಮಾಡಿದರೆ ನೋಟ ಉಳಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಆ ತೂತು ತೂತಾಗಿಯೇ ಉಳಿಯುತ್ತದೆ.

ಈಗ ಖರ್ಚಿನ ನಿಯಮ. ಬಿಪಿಎಲ್ ರೇಷನ್ ಕಾರ್ಡಿನವರಾದರೆ ಪೂರ್ತಿ ಸರಕಾರದ್ದು. ಉಳಿದವರಿಗೆ ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ. ಆಯಿಯ ಮನೆಯವರಿಗೆ ಒಂದಿಷ್ಟು ನಿಂಬೆ ತೋಟ, ಕಬ್ಬು ಇದ್ದುದರಿಂದ ಅವರು ಬಿಪಿಎಲ್ ಅಲ್ಲ. ಆದರೆ ಎಪ್ಪತ್ತು ದಾಟಿದವರಿಗೆ ಯಾವ ಕಾರ್ಡಿದ್ದರೂ ಪೂರ್ತಿ ಖರ್ಚು ಸರಕಾರದ್ದೇ. ಆಯಿಯನ್ನು ನೋಡಿದರೆ ಎಪ್ಪತ್ತು ಯಾವಾಗಲೋ ದಾಟಿದಂತಿತ್ತು. ನಾನು ಖುಷಿಯಿಂದಲೇ ಅವರಿಬ್ಬರನ್ನು ಆರೋಗ್ಯ ಕಾರ್ಡ್ ಮಾಡಿಕೊಡುವ ಕೌಂಟರಿಗೆ ಕರೆದುಕೊಂಡು ಹೋದೆ.

ಕೌಂಟರಿನವನು ಒಳ್ಳೆಯ ಮನುಷ್ಯ. ಆಧಾರ್ ನಂಬರ್ ಒತ್ತಿ ಕಂಪ್ಯೂಟರಿನ ಕಡೆ ನೋಡಿ ತಲೆ ಕೆರೆದುಕೊಂಡ.

"ಮೇಡಂ, ಅಜ್ಜಾರ್ದು ಎಪ್ಪತ್ತೊಂದು, ಅವರ್ದು ಕಾರ್ಡ್ ಈಗಾಗ್ಲೇ ಆಗೇತಿ. ಆಯಿದು ಅರವತ್ತೇಳು. ಕಂಪ್ಯೂಟರ್ ಒಲ್ಲೆ ಅಂತೈತ್ರಿ."

"ಇನ್ನೊಮ್ಮೆ ನೋಡೋ ಮಾರಾಯ."

"ಹತ್ತ ಸಲ ನೋಡಿದ್ರೂ ಅರವತ್ತೇಳ್ರಿ."

ಅಜ್ಜ ಜೇಬಿನಿಂದ ತಮ್ಮ ಕಾರ್ಡ್ ತೆಗೆದು ಕೌಂಟರಿನ ಮೇಲೆ ಬಡಿದರು. "ಇದ ಐತಲ್ಲಪ್ಪ, ಇದನ್ನ ಅಕಿಗೆ ಹಚ್ಚು. ಗಂಡ ಹೆಂಡ್ತಿ ಅಂದ್ರ ಒಂದ ಅಲ್ಲೇನು?"

"ಸರಕಾರಕ್ಕ ಎರಡ್ರಿ ಅಜ್ಜಾರ."

"ನನ್ನ ಕಣ್ಣಿಗೆ ಏನಾಗೇತಿ? ಏನೂ ಆಗಿಲ್ಲ. ನನ್ನ ಪಾಲಿನ ಸೂಜಿ ಅಕಿಗೆ ಚುಚ್ಚಿದ್ರ ಯಾರ ಗಂಟ ಹೋಗ್ತೈತಿ?"

ಕೌಂಟರಿನವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅಜ್ಜನ ವಾದದಲ್ಲಿ ನನಗೂ ತಪ್ಪು ಕಾಣಲಿಲ್ಲ. ಆದರೆ ಕಂಪ್ಯೂಟರಿಗೆ ಅದನ್ನು ತಿಳಿಸಿ ಹೇಳುವುದು ಹೇಗೆ? ಅಜ್ಜ ಅವನ ಜೊತೆ ವಾದ ಮುಂದುವರಿಸಿದರು. ಅಷ್ಟರಲ್ಲಿ ಆಯಿ ನನ್ನ ಸೀರೆ ಜಗ್ಗಿ, "ಒಳಗ ಬರ್ರಿ ಬಾಯಾರ, ಸ್ವಲ್ಪ ಕೆಲಸ ಐತಿ," ಎಂದಳು.

ಕತ್ತಲೆ ಕೋಣೆಗೆ ಹೋದ ಕೂಡಲೇ ಆಯಿ ತಾನೇ ಬಾಗಿಲು ಮುಂದೆ ಮಾಡಿ, ಚಿಲಕ ಹಾಕಿದಳು.

"ಯಾರ ಮುಂದೂ ಹೇಳಂಗಿಲ್ಲ ಅಂತ ಆಣಿ ಮಾಡ್ರಿ."

"ಏನ್ ಆಯಿ, ಏನಾತು?"

"ಮೊದ್ಲ ಆಣಿ ಮಾಡ್ರಿ."

ಮಾಡಿದೆ.

"ನನಗ ಎಪ್ಪತ್ತು ದಾಟೇತ್ರಿ. ನಮ್ಮ ಯಜಮಾನ್ರಕಿಂತ ನಾ ಎರಡ ವರ್ಷಕ್ಕ ದೊಡ್ಡಾಕಿ."

ನಾನು ನಕ್ಕುಬಿಟ್ಟೆ. ಆಯಿಗೆ ಸಿಟ್ಟು ಬಂತು. "ನಗಬ್ಯಾಡ್ರಿ, ಹೊರಗ ಕೇಳಸ್ತೈತಿ," ಎಂದು ನನ್ನ ತೋಳಿಗೆ ಚಿವುಟಿದಳು. ಆಮೇಲೆ ಪಿಸುಮಾತಿನಲ್ಲಿ ಎಲ್ಲ ಹೇಳಿದಳು. ಚಿಕ್ಕವಳಿದ್ದಾಗ ತಾಯಿ ತೀರಿಕೊಂಡಳು. ತಮ್ಮಂದಿರನ್ನು ಬೆಳೆಸುತ್ತ ಆಯಿಯ ಮದುವೆಯ ವಯಸ್ಸು ಮೀರಿತು. ಸಂಬಂಧ ಬಂದಾಗ ಹುಡುಗ ಚಿಕ್ಕವನು ಎಂದು ಗೊತ್ತಾಗಿ, ಅಪ್ಪ ಮಗಳ ವಯಸ್ಸು ಇಳಿಸಿ ಹೇಳಿದ. ಗಂಡನಿಗಿಂತ ಹೆಂಡತಿ ಹಿರಿಯಳಾದರೆ ನಮ್ಮ ಸೀಮೆಯಲ್ಲಿ ಆ ಸಂಬಂಧ ಕುದುರುವುದಿಲ್ಲ, ಈಗಲೂ ಅಷ್ಟೇ.

"ಅಷ್ಟಕ್ಕ ಬಿಡಬೇಕಿತ್ತಲ್ಲ ಆಯಿ. ಅರವತ್ತೇಳು ಹೆಂಗಾತು?"

"ಆಧಾರ ಮಾಡಸೂ ಮುಂದ ಅಂತರ ಛಲೋ ಕಾಣ್ಲಿ ಅಂತ ನಾನ ಇನ್ನಷ್ಟು ಇಳಿಸಿದ್ನಿ."

ತಲೆಯ ಮೇಲೆ ಕೈ ಹೊತ್ತುಕೊಂಡೆ. ಗಂಡ ಹೆಂಡತಿ ನಡುವಿನ ಅಂತರ ಚಂದ ಕಾಣಲಿ ಎಂದು ತಾನೇ ಇಳಿಸಿದ ಆ ವರ್ಷಗಳು ಈಗ ಅವಳ ಮತ್ತು ಡಾಕ್ಟರರ ನಡುವೆ ಬಂದು ಕೂತಿದ್ದವು.

"ಹೇಳಿಬಿಡು ಆಯಿ. ಈಗ ಯಾರ್ ಏನ್ ಮಾಡ್ತಾರ?"

"ಹುಚ್ಚಿ ಅದೀರೇನು? ನಮ್ಮ ನೆಗೆಣ್ಣಿ ಸಾಯೂತನಕ ಆಡ್ಕೋತಾಳ. ನಮ್ಮ ಯಜಮಾನ್ರು ಭಾಳ ಅಭಿಮಾನದ ಮನಷ್ಯಾ. ಇಷ್ಟ್ ವರ್ಷ ಹಬ್ಬಕ್ಕೊಮ್ಮೆ ಅವರ ಕಾಲಿಗೆ ಬಿದ್ದೇನಿ, ನನಗ ಆಶೀರ್ವಾದ ಮಾಡ್ಯಾರ. ಈಗ ಸಣ್ಣಾವನ ಕಾಲಿಗೆ ಬಿದ್ದಂಗ ಆತಲ್ರಿ. ಕಣ್ಣ ಹೋದ್ರ ಹೋಗ್ಲಿ."

ಮಗ ತೋಟದ ಒಂದು ತುಂಡು ಮಾರಿ ಇಂಜೆಕ್ಷನ್ ಕೊಡಿಸುತ್ತೇನೆ ಎಂದು ಹೇಳಿದ್ದನಂತೆ. "ಮಣ್ಣ ಮಾರಿ ಕಣ್ಣ ತರೂದು ಬ್ಯಾಡ," ಎಂದು ಅದಕ್ಕೂ ಆಯಿ ಒಪ್ಪಿರಲಿಲ್ಲ. ಎರಡೂ ಕಡೆ ಬಾಗಿಲು ಹಾಕಿಕೊಂಡು ನಡುವೆ ಕೂತಿದ್ದಳು. ನನಗೆ ಸಿಟ್ಟು, ನಗು, ಸಂಕಟ ಎಲ್ಲ ಒಟ್ಟಿಗೇ ಬಂದವು. ಅಜ್ಜನಿಗೆ ತಿಳಿಯದ ಹಾಗೆ ವಯಸ್ಸು ತಿದ್ದಿಸಿ ಬಿಡೋಣ ಎಂದು ಆವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿದೆ.

ಅದು ಅಂದುಕೊಂಡಷ್ಟು ಸರಳವಿರಲಿಲ್ಲ. ಆಯಿ ಶಾಲೆ ಮೆಟ್ಟಿಲು ಹತ್ತಿದವಳಲ್ಲ, ಹುಟ್ಟಿದ್ದನ್ನು ಯಾರೂ ಬರೆಸಿರಲಿಲ್ಲ. ನಮ್ಮ ವೈದ್ಯಾಧಿಕಾರಿಗಳು ಅಂದಾಜು ವಯಸ್ಸಿನ ಸರ್ಟಿಫಿಕೇಟ್ ಕೊಡಲು ತಯಾರಿದ್ದರು, ಆದರೆ ಆಧಾರ್ ತಿದ್ದಲು ಅದು ನಡೆಯುವುದಿಲ್ಲ ಎಂದು ಗೊತ್ತಾಯಿತು. ಉಳಿದದ್ದು ಒಂದೇ ದಾರಿ. ತಡವಾಗಿ ಜನನ ನೋಂದಣಿ ಮಾಡಿಸಬೇಕು. ಹುಟ್ಟಿದ ಊರಿನಲ್ಲಿ 'ನಮ್ಮಲ್ಲಿ ದಾಖಲೆ ಇಲ್ಲ' ಎಂದು ಬರೆಸಿಕೊಳ್ಳಬೇಕು, ಬಲ್ಲವರ ಸಾಕ್ಷಿ ಬೇಕು, ಉಪವಿಭಾಗಾಧಿಕಾರಿಗಳು ವಿಚಾರಣೆ ಮಾಡಿ ಆದೇಶ ಕೊಡಬೇಕು. ಆಮೇಲೆ ಪ್ರಮಾಣಪತ್ರ, ಆಮೇಲೆ ಆಧಾರ್, ಆಮೇಲೆ ಕಾರ್ಡ್.

"ತವರೂರು ಯಾವ್ದು ಆಯಿ?"

"ತಾಳಿಕೋಟಿ ಬಾಜೂಕ ಐತ್ರಿ."

ರಜೆ ಹಾಕಿದೆ. ಆಯಿ ಮನೆಯಲ್ಲಿ 'ಕಣ್ಣಿನ ಬಾಯಾರು ಪರೀಕ್ಷೆಗೆ ಕರೆದುಕೊಂಡು ಹೋಗ್ತಾರ' ಎಂದು ಹೇಳಿದಳು. ಇಬ್ಬರೂ ತಾಳಿಕೋಟೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಆಯಿಗೆ ಭಾರಿ ಉಮೇದು. ಬುತ್ತಿಯಲ್ಲಿ ಶೇಂಗಾ ಹೋಳಿಗೆ ತಂದಿದ್ದಳು. ಸಕ್ಕರೆ ಕಾಯಿಲೆಯವಳು ಅದನ್ನು ಮುಟ್ಟಬಾರದು ಎಂದು ಕಸಿದುಕೊಂಡು ನಾನೇ ತಿಂದೆ. ಒಂದಲ್ಲ ಒಂದು ನೆಪ ಹೇಳಿ ಮತ್ತೆ ಮತ್ತೆ ಹೋದೆವು, ಅರ್ಜಿ ಬರೆದೆವು, ಕಾದೆವು, ಮತ್ತೆ ಬರಲು ಹೇಳಿದರು, ಮತ್ತೆ ಹೋದೆವು. ಕೊನೆಗೊಮ್ಮೆ ಅಲ್ಲಿಯ ಗುಮಾಸ್ತರು, "ಹುಟ್ಟಿದ ಮನಿ ಯಾವ ಓಣ್ಯಾಗ ಐತಿ ಆಯಿ?" ಎಂದು ಕೇಳಿದರು.

"ಹುಟ್ಟಿದ್ದು ಇಲ್ಲೆಲ್ಲಿ? ಇಲ್ಲಿ ಬೆಳದೇನ್ರಿ. ಹುಟ್ಟಿದ್ದು ಇಂಡಿ ಕಡೆ, ನಮ್ಮವ್ವನ ತವರಾಗ. ನಾ ಚೊಚ್ಚಲ ಕೂಸ ಅಲ್ಲೇನ್ರಿ?"

ನನಗೆ ಆ ಕಚೇರಿಯಲ್ಲೇ ಕೂತು ಅಳಬೇಕೆನಿಸಿತು. ಚೊಚ್ಚಲ ಹೆರಿಗೆ ತಾಯಿಯ ತವರಿನಲ್ಲೇ ಆಗುವುದು. ನಾನೂ ಹಾಗೇ ಹುಟ್ಟಿದವಳು, ನನ್ನ ಮಗಳೂ ಹಾಗೇ. ಆದರೂ ಹೆಣ್ಣುಮಕ್ಕಳ ಊರು ಕೇಳಿದರೆ ನಾವೆಲ್ಲ ಅಪ್ಪನ ಊರನ್ನೇ ಹೇಳುತ್ತೇವೆ. ನಾನು ಕೇಳಿದ್ದೂ ಹಾಗೇ, ಅವಳು ಹೇಳಿದ್ದೂ ಹಾಗೇ. ಅಷ್ಟು ವಾರ ಬೇರೆ ತಾಲೂಕಿನ ಬಾಗಿಲು ಬಡಿದಿದ್ದೆವು.

"ಇದನ್ನ ಮೊದ್ಲ ಹೇಳಾಕ ಬಾಯಿಗೆ ಏನಾಗಿತ್ತ ಆಯಿ?"

"ನೀವು ಕೇಳಲಿಲ್ಲ," ಎಂದಳು ಆಯಿ ತಣ್ಣಗೆ. ಬಸ್ ಸ್ಟ್ಯಾಂಡಿನಲ್ಲಿ ನಾನು ಬೆಂಚಿನ ಒಂದು ತುದಿಗೆ ಕೂತೆ, ಅವಳು ಇನ್ನೊಂದು ತುದಿಗೆ. ಬಸ್ಸಿನಲ್ಲಿ ಅವಳೇ ಸೋತು, "ಸಿಟ್ಟ ಬ್ಯಾಡ್ರಿ, ಇಂಡ್ಯಾಗ ನಮ್ಮ ತಮ್ಮ ಅದಾನ," ಎಂದಳು.

ತಮ್ಮ ಎಂದರೆ ಹಾಲು ಹಂಚಿಕೊಂಡ ತಮ್ಮ. ಆಯಿ ಹುಟ್ಟಿದಾಗ ಅವಳ ತಾಯಿಗೆ ಜ್ವರ ಬಂದು ಎದೆಹಾಲು ಬತ್ತಿತ್ತು. ಬಾಜೂ ಮನೆಯ ಮುಸ್ಲಿಂ ತಾಯಿ ಅದೇ ವಾರ ಹೆತ್ತಿದ್ದಳು. ಅವಳು ತನ್ನ ಮಗನ ಜೊತೆ ಈ ಕೂಸಿಗೂ ಹಾಲು ಕುಡಿಸಿದಳು. ಆ ಮಗ ಮುಂದೆ ಬಸ್ ಕಂಡಕ್ಟರಾಗಿ ನಿವೃತ್ತನಾಗಿ ಇಂಡಿಯಲ್ಲೇ ಇದ್ದ. ಪ್ರತಿ ವರ್ಷ ಪಂಚಮಿಗೆ ಆಯಿಯ ಮನೆಗೆ ಉಂಡಿ, ಬಳೆ ತಂದು ಕೊಡುವವನು ಅವನೇ. ಅವನಿಗೆ ಶಾಲೆಯ ದಾಖಲೆಯೂ ಇತ್ತು, ಪಿಂಚಣಿಯೂ ಇತ್ತು. ಅದರ ಪ್ರಕಾರ ಎಪ್ಪತ್ತಮೂರು.

ಫೋನಿನಲ್ಲಿ ನಾನು ವಿಷಯ ಹೇಳುತ್ತಿದ್ದ ಹಾಗೆ ಕಂಡಕ್ಟರ್ ಗದರಿದರು. "ಅರವತ್ತೇಳಾ? ನನಗ ಎಪ್ಪತ್ಮೂರು ಇದ್ದಾಗ ಅಕ್ಕಗ ಅರವತ್ತೇಳು ಎಲ್ಲಿಂದ ಬರ್ತೈತ್ರಿ? ನಮ್ಮವ್ವನ ಒಂದ್ ಮಗ್ಗಲಕ ನಾ, ಇನ್ನೊಂದ್ ಮಗ್ಗಲಕ ಅಕಿ! ಅಕಿ ಸಲುವಾಗಿ ನಾ ರಿಟೈರ್ ಆಗಿದ್ದನ್ನೂ ಮಾವಾರ ಮುಂದ ಹೇಳಿಲ್ರಿ. ಲೆಕ್ಕ ಹಾಕ್ತಾರಂತ ಅಂಜಿ, ಬ್ಯಾಸರಾಗಿ ನೌಕರಿ ಬಿಟ್ಟೇನಿ ಅಂದೇನಿ. ಅವರಿಗೆ ಇವತ್ತಿಗೂ ನಾ ಅಂದ್ರ ಸೋಮಾರಿ."

ಕಂಡಕ್ಟರ್ ಓಡಾಡಿದ ರೀತಿಗೆ ಕೆಲಸ ಸರಸರ ನಡೆಯಿತು. ಆ ಊರಿನಿಂದ ದಾಖಲೆ ಇಲ್ಲ ಎಂಬ ಹಿಂಬರಹ ಬಂತು. ಎರಡೂ ಕೂಸುಗಳನ್ನು ಎತ್ತಿ ಆಡಿಸಿದ್ದ ಕಂಡಕ್ಟರ ಒಡಹುಟ್ಟಿದ ಅಕ್ಕ ಇನ್ನೂ ಬದುಕಿದ್ದರು. ನಡೆಯಲು ಆಗದು, ಮಾತು ಖಡಕ್. ಅವರ ಹೇಳಿಕೆಯನ್ನು ಮನೆಗೇ ಬಂದು ಬರೆದುಕೊಂಡರು. ಇನ್ನೇನು ಮುಗಿಯಿತು ಅಂದುಕೊಳ್ಳುವಾಗ ಇಂಡಿಯ ಕಚೇರಿಯವರು, "ಮನಿ ದಾಖಲೆಯೊಳಗ ಬ್ಯಾರೆ ವಯಸ್ಸು ಐತಿ. ಯಜಮಾನ್ರ ಹೇಳಿಕಿ ಬೇಕು. ವಿಚಾರಣಿ ದಿನ ಅವರ್ನ ಕರ್ಕೊಂಡ ಬರ್ರಿ," ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಆಯಿಗೆ ತಿಳಿಸಿದೆ. "ಬಿಟ್ಟಬಿಡ್ರಿ ಬಾಯಾರ. ಭಾಳ ತ್ರಾಸ ತಗೊಂಡ್ರಿ. ದೇವ್ರು ಛಲೋ ಇಡ್ಲಿ ನಿಮ್ಮನ್ನ," ಎಂದು ಫೋನಿಟ್ಟಳು.

ಅವೇ ದಿನಗಳಲ್ಲಿ ಅಜ್ಜ ಸಿಂದಗಿಯ ಸಂತೆಯಲ್ಲಿ ಸಿಕ್ಕರು. ನಿಂಬೆಹಣ್ಣಿನ ಚೀಲದ ಪಕ್ಕ ನಿಂತಿದ್ದರು. ಆವತ್ತು ಮೀಸೆಗೆ ಹುರಿ ಇರಲಿಲ್ಲ. "ಅಕಿ ಮೊನ್ನೆ ಚಾದ ಕಪ್ಪ ಹಿಡಿಯಾಕ ಹೋಗಿ ಗಾಳಿ ಹಿಡದ್ಳರಿ. ನಾ ನೋಡಿಲ್ಲ ಅಂದ್ಕೊಂಡಾಳ. ಕಾರ್ಡ್ ಏನಾರ ಆತೇನ್ರಿ?" ಎಂದು ಕೇಳಿದರು. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಒಂದು ಮಾತು ಹೇಳಿದ್ದರೆ ಆವತ್ತೇ ಮುಗಿಯುತ್ತಿತ್ತೋ ಏನೋ. ಆದರೆ ಆಣೆ ಮಾಡಿದ್ದೆ. ಅದಕ್ಕಿಂತ ಹೆಚ್ಚಾಗಿ, ಅದು ನನ್ನ ಮಾತಲ್ಲ, ಆಯಿಯ ಮಾತು. ತುಟಿ ಕಚ್ಚಿಕೊಂಡು ನಿಂಬೆಹಣ್ಣು ಕೊಂಡು ಬಂದೆ.

ಕೆಲವು ದಿನಗಳ ಮೇಲೆ ಆಯಿಯೇ ಫೋನ್ ಮಾಡಿದಳು. ಹಿಂದೆ ಹೆಂಗಸರ ಗದ್ದಲ. ಮೊಮ್ಮಗಳ ಕೂಸಿನ ತೊಟ್ಟಿಲ ಕಾರ್ಯ ಮುದ್ದೇಬಿಹಾಳದಲ್ಲಿ ನಡೆದಿತ್ತು.

"ಬಾಯಾರ, ಕೂಸಿನ್ನ ತೊಡಿ ಮ್ಯಾಲ ಹಾಕಿದ್ರು. ಕುಲಾಯಿ ಕಾಣ್ತೈತಿ, ಕಾಲ ಕಾಣ್ತಾವ, ಮಾರಿ ಕಾಣವಲ್ದು. ಎಲ್ಲಾರೂ ಆಯಿನಂಗ ಐತಿ, ಆಯಿನಂಗ ಐತಿ ಅನ್ನಾಕತ್ತಾರ. ನಾ ಹೂಂ ಅಂದ್ನಿ. ಸುಳ್ಳ ಹೇಳಿದ್ನಿ." ಮೂಗು ಸೀಟಿಕೊಂಡ ಸದ್ದು ಕೇಳಿತು. "ಎಂದ ಐತಿ ವಿಚಾರಣಿ? ಬರ್ತೇನಿ. ಅವರಿಗೆ ನಾನ ಹೇಳ್ತೇನಿ."

ಫೋನಿಟ್ಟು ನಾನು ಕತ್ತಲೆ ಕೋಣೆಗೆ ಹೋಗಿ ಸ್ವಲ್ಪ ಅತ್ತೆ. ಸುಳ್ಳು ಯಾಕೆ ಹೇಳಲಿ.

ವಿಚಾರಣೆಯ ದಿನ ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಅವರಿಬ್ಬರೂ ಇಳಿದಾಗ ಆಯಿಯ ಮುಖ ನೋಡಿಯೇ ನನಗೆ ಗೊತ್ತಾಯಿತು. ಹೇಳಿರಲಿಲ್ಲ. "ಮನ್ಯಾಗ ಬಾಯಿ ಬರಲಿಲ್ಲ. ಬಸ್ಸಿನ್ಯಾಗ ಹೇಳೋಣಂದ್ರ ಅವರು ನಿದ್ದಿ ಹೊಡದ್ರು," ಎಂದು ಪಿಸುಗುಟ್ಟಿದಳು. ಅಜ್ಜನಿಗೆ ಗೊತ್ತಿದ್ದದ್ದು ಇಷ್ಟೇ: ಕಾರ್ಡಿನ ಕೆಲಸ, ಯಜಮಾನರ ಸಹಿ ಬೇಕು. ಕಂಡಕ್ಟರನ್ನು ಅಲ್ಲಿ ಕಂಡು, "ಈ ಸೋಮಾರಿ ಇಲ್ಲ್ಯಾಕ ಬಂದಾನ?" ಎಂದು ನನ್ನನ್ನು ಕೇಳಿದರು. ಅಜ್ಜ ಒಪ್ಪದಿದ್ದರೆ ಆದೇಶ ನಿಲ್ಲುತ್ತದೆ. ಆದೇಶ ನಿಂತರೆ ಆಯಿ ಇನ್ನೊಮ್ಮೆ ಈ ಮೆಟ್ಟಿಲು ಹತ್ತುವವಳಲ್ಲ.

ಉಪವಿಭಾಗಾಧಿಕಾರಿಗಳು ಮೈಸೂರು ಕಡೆಯವರು, ಸಮಾಧಾನದ ಮನುಷ್ಯ. ಮೊದಲು ಕಂಡಕ್ಟರನ್ನು ಕರೆದರು.

ಕಂಡಕ್ಟರ್ ಒಂದೇ ಉಸಿರಿಗೆ, "ನಮ್ಮವ್ವ ಹೇಳಾಕಿ ಸಾಹೇಬ್ರ, ಅಕಿ ಹುಟ್ಟಿದ್ದು ಮೊದ್ಲ, ನಾಕ ದಿನಕ್ಕ ನಾ ಬಂದ್ನಿ, ಅಕಿಗೆ ಮೊದ್ಲ ಹಾಲ ಕುಡಿಸಿ ಉಳದಿದ್ದು ನನಗ, ಹಿಂಗಾಗಿ ಅಕಿ ಇಷ್ಟ ಎತ್ತರ, ನಾ ಇಷ್ಟ," ಎಂದರು.

"ಸ್ವಲ್ಪ ನಿಧಾನವಾಗಿ ಹೇಳಿ," ಎಂದರು ಸಾಹೇಬರು.

ನಿಧಾನವಾಗಿ ಹೇಳಿದಾಗ ಅದು ಅಜ್ಜನಿಗೂ ತಿಳಿಯಿತು. ಅಜ್ಜ ಕಂಡಕ್ಟರನ್ನು ನೋಡಿದರು, ಆಯಿಯನ್ನು ನೋಡಿದರು, ಬೆರಳು ಮಡಚಿ ಏನೋ ಲೆಕ್ಕ ಹಾಕತೊಡಗಿದರು. ಆಯಿ ಕುರ್ಚಿಯಿಂದ ಎದ್ದು ನಿಂತಳು. ಯಾರೂ ಕೇಳುವ ಮೊದಲೇ, ಗಂಡನ ಕಡೆ ತಿರುಗಿ, "ಹೌದ್ರಿ. ನಾ ನಿಮಗಿಂತ ಎರಡ ವರ್ಷಕ್ಕ ದೊಡ್ಡಾಕಿ. ನಮ್ಮಪ್ಪ ಸುಳ್ಳ ಹೇಳಿ ಮದಿವಿ ಮಾಡ್ದ, ನಾ ಇಷ್ಟ ವರ್ಷ ಮುಚ್ಚಿಟ್ನಿ. ಬೈಯೂದಿದ್ರ ಮನ್ಯಾಗ ಬೈರಿ. ನನಗ ಕೂಸಿನ ಮಾರಿ ನೋಡಬೇಕಾಗೇತಿ," ಎಂದಳು. ಈ ಸಲ ತಲೆ ತಗ್ಗಿಸಲಿಲ್ಲ.

ಸಾಹೇಬರು ಅಜ್ಜನನ್ನು ಕೇಳಿದರು, "ಏನಜ್ಜ, ನಿಮ್ಮ ಹೆಂಡತಿ ನಿಮಗಿಂತ ಎರಡು ವರ್ಷಕ್ಕೆ ದೊಡ್ಡವರು. ನೀವು ಒಪ್ಪುತ್ತೀರಾ?"

"ಒಪ್ಪಂಗಿಲ್ರಿ," ಎಂದರು ಅಜ್ಜ.

ನಾನು ಕುರ್ಚಿಯ ತುದಿಗೆ ಸರಿದೆ.

ಅಜ್ಜ ಪಟಗಾ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಎರಡ ವರ್ಷ ಅಲ್ರಿ. ಐದ. ನಂದೂ ಸುಳ್ಳ ಐತ್ರಿ. ಹುಡುಗ ಭಾಳ ಸಣ್ಣಾವ ಅಂತ ಹೆಣ್ಣಿನ ಕಡೇರು ಒಲ್ಲೆ ಅಂದಾರು ಅಂತ ನಮ್ಮಪ್ಪ ಮೂರ ವರ್ಷ ಏರಿಸಿ ಹೇಳಿದ್ದ. ಅದ ಎಲ್ಲಾ ಕಡೆ ಬಿತ್ತು. ಮದಿವ್ಯಾಗ ನನಗ ಮೀಸಿನೂ ಬಂದಿರಲಿಲ್ರಿ. ಕಾಡಿಗಿ ಹಚ್ಚಿ ಕುಂದ್ರಿಸಿದ್ರು."

"ಅಯ್ಯ ನಮ್ಮವ್ವಾ!" ಆಯಿ ಕೂಗಿಯೇಬಿಟ್ಟಳು. "ಅದಕ್ಕ ಅಕ್ಕಿಕಾಳ ಬೀಳೂ ಮುಂದ ನಿಮ್ಮ ಮೀಸಿ ಬೆವರಿನ ಜೋಡಿ ಇಳೀತು! ನಾ ಬಿಸಲಿಗೆ ಹಂಗಾತು ಅನ್ಕೊಂಡಿದ್ನಿ!"

ಮೊದಲು ನಕ್ಕವರು ಸಾಹೇಬರು. ಕಂಡಕ್ಟರ್ ಗೋಡೆ ಹಿಡಿದು ನಕ್ಕರು. ಬರೆದುಕೊಳ್ಳುತ್ತಿದ್ದ ಗುಮಾಸ್ತರು ಪೆನ್ನು ಕೆಳಗಿಟ್ಟರು. ಇಬ್ಬರು ಬೀಗರೂ, ತಾನೊಬ್ಬನೇ ಇನ್ನೊಬ್ಬನನ್ನು ವಂಚಿಸಿದ್ದೇನೆ ಅಂದುಕೊಂಡೇ ಸತ್ತುಹೋಗಿದ್ದರು. ಅವರು ಕಟ್ಟಿದ ಸಂಸಾರ ಇಷ್ಟು ವರ್ಷ ಬಾಳಿ ಮರಿಮಗಳನ್ನು ಕಂಡಿತ್ತು.

ಅಜ್ಜ ಮಾತ್ರ ನಗಲಿಲ್ಲ. "ನನ್ನ ಕಾರ್ಡ್ ತಪ್ಪೈತ್ರಿ ಹಂಗಾರ. ಬರಕೊಳ್ರಿ," ಎಂದರು.

ಸಾಹೇಬರು ಕಣ್ಣೊರೆಸಿಕೊಂಡು, "ಅಜ್ಜ, ನನ್ನ ಮುಂದೆ ಇವತ್ತು ಇರುವುದು ಒಂದೇ ಕೇಸು. ಈ ಅಮ್ಮ ಹುಟ್ಟಿದ್ದು ಯಾವಾಗ ಅನ್ನುವುದು. ನಿಮ್ಮದನ್ನು ಯಾರೂ ಕೇಳಿಲ್ಲ. ಕೂತುಕೊಳ್ಳಿ," ಎಂದರು.

ಆದೇಶ ಬಂತು, ಜನನ ಪ್ರಮಾಣಪತ್ರ ಬಂತು, ಆಧಾರ್ ಬದಲಾಯಿತು. ಆಯಿಯ ಕಾರ್ಡ್ ಮಾಡಿಸಲು ಬಂದ ದಿನ ಅಜ್ಜ ತಮ್ಮದನ್ನು ಕೌಂಟರಿನವನ ಮುಂದೆ ಇಟ್ಟು, "ನನಗ ಇನ್ನೂ ಎಪ್ಪತ್ತ ಆಗಿಲ್ಲ. ಇದನ್ನ ವಾಪಸ್ ತಗೋ. ಆದ ಮ್ಯಾಲ ಬರ್ತೇನಿ," ಎಂದರು. ಅವನು ಕಂಪ್ಯೂಟರಿನಲ್ಲಿ ಮೇಲೆ ಕೆಳಗೆ ಹುಡುಕಿ, "ಕೊಡಾಕ ಬಟನ್ ಐತ್ರಿ ಅಜ್ಜಾರ, ವಾಪಸ್ ತಗೋಳಾಕ ಇಲ್ಲ," ಎಂದ. ಅಜ್ಜ ಆಧಾರ್ ಕೇಂದ್ರದ ವಿಳಾಸ ಕೇಳಿಕೊಂಡು, ಮೊದಲು ಹೆಂಡತಿಯ ಕಣ್ಣು, ಆಮೇಲೆ ತನ್ನ ವಯಸ್ಸು ಎಂದು ಹೇಳಿ ಹೋದರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೂರನೇ ಇಂಜೆಕ್ಷನ್ ಆದ ಮೇಲೆ ಆಯಿಯ ಕಣ್ಣಿನ ಬಾವು ಇಳಿಯಿತು. ಎರಡನೇ ಸಾಲಿಗೇ ಸೋತಿದ್ದ ಕೈ ಐದನೇ ಸಾಲಿನವರೆಗೆ ಬಂತು. ಪೂರ್ತಿ ಮೊದಲಿನ ಹಾಗೆ ಆಗಲಿಲ್ಲ, ಆಗುವುದೂ ಇಲ್ಲ. ಆದರೆ ಕೂಸಿನ ಮುಖ ಕಂಡಿತು. "ಎಲ್ಲಿ ನನ್ನಂಗ ಐತ್ರಿ? ಬೀಗತಿ ಹಂಗ ಐತಿ," ಎಂದು ಬಂದು ದೂರು ಹೇಳಿದಳು. ಆಮೇಲೆ ನನ್ನ ತಲೆಯನ್ನೇ ದಿಟ್ಟಿಸಿ, "ನಿಮಗೂ ಬಿಳಿ ಕೂದ್ಲ ಬಂದಾವಲ್ರಿ ಬಾಯಾರ. ನಿಮ್ಮ ವಯಸ್ಸೆಷ್ಟು? ಖರೇನ ಹೇಳ್ರಿ," ಎಂದಳು.

ನನಗೆ ಹೆಚ್ಚು ನೆನಪಿರುವುದು ಮಾತ್ರ ಮೊದಲ ಇಂಜೆಕ್ಷನ್ನಿನ ದಿನ. ಇಂಡಿಯಿಂದ ಬಂದ ಮೇಲೆ ಅಜ್ಜ ಮನೆಯಲ್ಲಿ ಮಾತು ಕಡಿಮೆ ಮಾಡಿದ್ದರಂತೆ. ಬೈಯ್ಯಲೂ ಇಲ್ಲ, ಛೇಡಿಸಲೂ ಇಲ್ಲ. ವಿಜಯಪುರದ ಬಸ್ಸಿನಲ್ಲಿ ಆಯಿ, "ಒಳಗ ಏನ್ ಇಟ್ಕೊಂಡಾರೋ ಗೊತ್ತಾಗವಲ್ದು. ನಾ ಹೇಳಬಾರದಿತ್ತೇನ್ರಿ?" ಎಂದು ನನ್ನ ಕೈ ಹಿಡಿದು ಕೇಳಿದಳು. ಅಜ್ಜ ಮುಂದಿನ ಸೀಟಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಅಲ್ಲಿ ಆಯಿಯನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಜೋಮು ಹಿಡಿಸುವ ಹನಿ ಹಾಕಿ, ಸುತ್ತ ಔಷಧಿ ಒರೆಸಿದರು. ಆಯಿ ಅಂಜಿ ಮಂಚದ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾನೂ ಅಜ್ಜನೂ ಬಾಗಿಲಲ್ಲಿ ನಿಂತಿದ್ದೆವು. ತಜ್ಞ ಡಾಕ್ಟರು ಸಿರಿಂಜ್ ಕೈಗೆ ತೆಗೆದುಕೊಂಡವರು ಒಂದು ಕ್ಷಣ ತಡೆದು, "ಇದು ಮೊದಲನೇ ಸಲ. ಒಳಿತು ಕೆಡುಕು ಎಲ್ಲ ಇನ್ನೊಮ್ಮೆ ಹೇಳಿಯೇ ಮಾಡ್ತೇನೆ. ಮನೆಯ ಹಿರಿಯರು ಯಾರು?" ಎಂದು ಕೇಳಿದರು.

ನರ್ಸು, ಡಾಕ್ಟರು, ನಾನು ಎಲ್ಲರೂ ಅಜ್ಜನ ಪಟಗಾ ಮೀಸೆಯ ಕಡೆ ನೋಡಿದೆವು.

ಅಜ್ಜ ಒಂದು ಹೆಜ್ಜೆ ಹಿಂದೆ ಸರಿದು, ಮಂಚದ ಕಡೆ ಕೈ ಮಾಡಿದರು. "ನನಗೇನ್ ಕೇಳ್ತೀರಿ? ನಮ್ಮನ್ಯಾಗ ಹಿರ್ಯಾಕಿ ಅಕಿನ ಅದಾಳ. ಅಕಿನ್ನ ಕೇಳ್ರಿ."

ಮೊದಲು ಹೊದಿಕೆ ಅಲುಗಾಡಿತು. ಆಮೇಲೆ ಅದರ ಒಳಗಿಂದ ನಗು ಕೇಳಿಸಿತು. ಮಂಚ ಹಿಡಿದಿದ್ದ ಕೈ ಬಿಟ್ಟು ಆಯಿ ಬಾಯಿಗೆ ಸೆರಗು ಒತ್ತಿಕೊಂಡಳು, ಆದರೂ ನಗು ನಿಲ್ಲಲಿಲ್ಲ. ಅಜ್ಜನೂ ಬಾಗಿಲಿಗೆ ಒರಗಿ ನಗತೊಡಗಿದರು.

"ಅಮ್ಮ, ಹೀಗೆ ನಕ್ಕರೆ ಕಣ್ಣು ಅಲುಗಾಡ್ತದೆ," ಎಂದ ಡಾಕ್ಟರು, ಸಿರಿಂಜನ್ನು ತಟ್ಟೆಗೆ ವಾಪಸ್ ಇಟ್ಟು, ಅವಳ ನಗು ಮುಗಿಯುವವರೆಗೆ ಕೈಕಟ್ಟಿ ನಿಂತರು.